ಸ್ಯಾಂಟೊರಿನಿ ಬಿಳಿ ವೈನ್ ಮಾಗಿಸೋದು ಹೇಗೆ: ಕೊಳ್ಳೋದ್ರಿಂದ ಹಿಡಿದು ಬಾಟಲಿ ತೆಗೆಯೋವರೆಗೂ

ಬಿಳಿ ವೈನ್ ಅಂದ್ರೆ ತಂದ ವಾರಾನೇ ಕುಡಿದು ಮುಗಿಸಬೇಕು, ಇಟ್ರೆ ಕೆಡುತ್ತೆ, ವರ್ಷಗಟ್ಟಲೆ ಇಡೋದೇನಿದ್ರೂ ಕೆಂಪು ವೈನ್ ಮಾತ್ರ ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ, ನಾನೂ ಅಂದ್ಕೊಂಡಿದ್ದೆ. ಬಹುಪಾಲು ಬಿಳಿ ವೈನ್‌ಗೆ ಅದು ನಿಜಾನೂ ಹೌದು. ಆದ್ರೆ ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ವೈನ್ ಆ ಲೆಕ್ಕಕ್ಕೆ ಬರಲ್ಲ. ಅಲ್ಲಿಗೆ ಹೋದವರೆಲ್ಲ ಸಂಜೆ ಸೂರ್ಯ ಮುಳುಗೋದನ್ನ ನೋಡ್ತಾ, ಹಲ್ಲು ಜುಮ್ ಅನ್ನೋಷ್ಟು ತಣ್ಣಗಿರೋ ಹೊಸ ವೈನ್ ಒಂದು ಗ್ಲಾಸ್ ಕುಡಿದು "ಹುಳಿ ಜಾಸ್ತಿ ಆಯ್ತು" ಅಂದು ಎದ್ದು ಬರ್ತಾರೆ. ಅದೇ ವೈನ್ ಏಳೆಂಟು ವರ್ಷ ಆದ್ಮೇಲೆ ಏನಾಗಿರುತ್ತೆ ಅಂತ ನೋಡಿದವರು ತುಂಬಾ ಕಮ್ಮಿ.

ಮನೇಲಿ ಹೆರಳೆಕಾಯಿ ಉಪ್ಪಿನಕಾಯಿ ಹಾಕೋರಿಗೆ ಇದು ಸಲೀಸಾಗಿ ಅರ್ಥ ಆಗುತ್ತೆ. ಹಾಕಿದ ವಾರಕ್ಕೇ ನಾಲಿಗೆಗೆ ಇಟ್ಟು ನೋಡಿದ್ರೆ ಹುಳಿ ಒಂದು ಕಡೆ ಎಳೆಯುತ್ತೆ, ಉಪ್ಪು ಒಂದು ಕಡೆ, ಸಿಪ್ಪೆ ಕಹಿ ಇನ್ನೊಂದು ಕಡೆ. ವರ್ಷ ಕಳೆದು ಜಾಡಿ ಬಾಯಿ ಬಿಚ್ಚಿದಾಗ ಹುಳಿ ಎಲ್ಲೂ ಹೋಗಿರಲ್ಲ, ಆದ್ರೆ ಎಲ್ಲದರ ಜೊತೆ ಕೂಡಿಕೊಂಡು ಮೆತ್ತಗಾಗಿರುತ್ತೆ. ಈ ವೈನ್ ಮಾಗೋದೂ ಹೆಚ್ಚುಕಮ್ಮಿ ಹಾಗೇನೇ.

ಮೊದಲು ಇದು ಯಾಕೆ ಬಾಳಿಕೆ ಬರುತ್ತೆ ಅಂತ ತಿಳ್ಕೊಳಿ

ಇದು ಗೊತ್ತಿಲ್ದೆ ಬಾಟಲಿ ಆರಿಸೋಕೆ ಆಗಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಕ್ರಿ.ಪೂ. 1600ರ ಆಸುಪಾಸಲ್ಲಿ ಅಲ್ಲಿ ದೊಡ್ಡ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಸಮುದ್ರಕ್ಕೆ ಕುಸಿಯಿತು, ಈಗ ಫೋಟೋಗಳಲ್ಲಿ ನೋಡ್ತೀವಲ್ಲ ಆ ಅರ್ಧಚಂದ್ರದಂಥ ಆಕಾರ, ಆ ಕಡಿದಾದ ಬಂಡೆ, ಎಲ್ಲ ಅದರ ಗುರುತೇ. ನೆಲ ಪೂರ್ತಿ ಬೂದಿ, ಹಗುರ ನೊರೆಗಲ್ಲು, ಲಾವಾ ಚೂರು. ಅಲ್ಲಿನ ಜನ ಈ ಮಣ್ಣಿಗೆ ಅಸ್ಪಾ ಅಂತಾರೆ. ಜೇಡಿಮಣ್ಣು ಇಲ್ಲವೇ ಇಲ್ಲ ಅನ್ನಬಹುದು, ಇದ್ರಿಂದ ಒಂದು ದೊಡ್ಡ ಉಪಕಾರ ಆಯ್ತು. 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಅನ್ನೋ ಬೇರು ತಿನ್ನೋ ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನ ಸರ್ವನಾಶ ಮಾಡ್ತು, ಆಮೇಲೆ ಹೆಚ್ಚುಕಮ್ಮಿ ಎಲ್ಲಾ ಕಡೆ ಅಮೆರಿಕನ್ ಬೇರಿಗೆ ಕಸಿ ಕಟ್ಟಿಯೇ ದ್ರಾಕ್ಷಿ ಬೆಳೀಬೇಕಾಯ್ತು, ಆದ್ರೆ ಸ್ಯಾಂಟೊರಿನಿಯ ಬೂದಿ ಮಣ್ಣಲ್ಲಿ ಆ ಹೇನು ಬದುಕಲೇ ಇಲ್ಲ. ಅಲ್ಲಿ ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನ ಮೇಲೇ ನಿಂತಿವೆ. ಬಳ್ಳಿಗೆ ವಯಸ್ಸಾಗಿ ಫಸಲು ಇಳಿದಾಗ ಕಾಂಡ ಬುಡದಲ್ಲಿ ಕಡಿದುಬಿಡ್ತಾರೆ, ಹಳೇ ಬೇರಿಂದ ಹೊಸ ಚಿಗುರು ಬರುತ್ತೆ. ಅಂದ್ರೆ ಮೇಲೆ ಕಾಣೋ ಬಳ್ಳಿಗೆ ಎಪ್ಪತ್ತು ವರ್ಷ ಇದ್ರೆ ಕೆಳಗಿನ ಬೇರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ.

ಬಳ್ಳಿ ಇರೋ ರೀತಿ ನೋಡಿ ನಾನು ನಿಂತಲ್ಲೇ ನಿಂತುಬಿಟ್ಟೆ. ಚಪ್ಪರ ಇಲ್ಲ, ಕಂಬ ಇಲ್ಲ, ತಂತಿ ಇಲ್ಲ. ನಮ್ಮಲ್ಲಿ ಕೊಡ ಹೊರುವಾಗ ತಲೆ ಮೇಲೆ ಸಿಂಬೆ ಇಟ್ಕೊಳ್ತಾರಲ್ಲ, ಅದೇ ಆಕಾರದಲ್ಲಿ, ಆದ್ರೆ ಬುಟ್ಟಿಯಷ್ಟು ದೊಡ್ಡದಾಗಿ, ಬಳ್ಳಿಯನ್ನೇ ಸುತ್ತಿ ಸುತ್ತಿ ನೆಲಕ್ಕೆ ಅಂಟಿದ ಹಾಗೆ ಕೂರಿಸಿದ್ದಾರೆ. ಇದಕ್ಕೆ ಕುಲೂರಾ ಅಂತ ಹೆಸರು. ಗೊಂಚಲು ಆ ಬುಟ್ಟಿಯ ಒಳಗೆ ನೇತಾಡುತ್ತೆ. ಬೇಸಿಗೆಯಲ್ಲಿ ಬೀಸೋ ಮೆಲ್ತೆಮಿ ಗಾಳಿಗೆ ಎದುರು ನಿಂತ್ರೆ ಕಣ್ಣಿಗೆ ಮರಳು ಹೊಡೆಯುತ್ತೆ, ಆ ಗಾಳಿಯಿಂದ, ಮೇಲಿನ ಬಿಸಿಲಿಂದ ಹಣ್ಣನ್ನ ಕಾಪಾಡೋದು ಈ ಸಿಂಬೆಯೇ. ನಾನು ಮಂಡಿಯೂರಿ ಎಲೆ ಸರಿಸಿ ಒಳಗೆ ಕೈ ಇಟ್ಟೆ, ಹೊರಗೆ ಕಲ್ಲು ಸುಡ್ತಾ ಇದ್ರೂ ಒಳಗೆ ತಣ್ಣಗಿತ್ತು. ಅಲ್ಲಿ ಬೀಳೋ ಮಳೆ ನಮ್ಮ ಬಯಲುಸೀಮೆಯ ಒಣ ತಾಲೂಕುಗಳಿಗಿಂತಲೂ ಕಮ್ಮಿ, ಅದೂ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಸಮುದ್ರದಿಂದ ರಾತ್ರಿ ಏರಿ ಬರೋ ಮಂಜಿನ ತೇವಾನ ಆ ನೊರೆಗಲ್ಲು ಹೀರಿಕೊಂಡು ಬೇರಿಗೆ ಕೊಡುತ್ತೆ. ಅದಕ್ಕೇ ಇಳುವರಿ ತೀರಾ ಕಮ್ಮಿ, ಹಣ್ಣಿನ ಸಾರ ಮಾತ್ರ ಗಟ್ಟಿ.

ಈಗ ಮುಖ್ಯ ವಿಷಯ, ಹುಳಿ. ದ್ರಾಕ್ಷಿ ತಳಿ ಹೆಸರು ಅಸೀರ್ತಿಕೊ. ಸಾಮಾನ್ಯವಾಗಿ ಬಿಸಿಲು ಜೋರಿರೋ ಊರಲ್ಲಿ ದ್ರಾಕ್ಷಿ ಹಣ್ಣಾಗ್ತಾ ಹೋದಂಗೆ ಸಿಹಿ ಏರುತ್ತೆ, ಹುಳಿ ಇಳಿಯುತ್ತೆ. ಅಸೀರ್ತಿಕೊ ಹಾಗಲ್ಲ, ಪೂರ್ತಿ ಹಣ್ಣಾಗಿ 13.5, 14 ಪರ್ಸೆಂಟ್ ಆಲ್ಕೋಹಾಲ್ ಬರೋಷ್ಟು ಸಕ್ಕರೆ ತುಂಬಿದ್ರೂ ಹುಳಿ ಬಿಟ್ಟುಕೊಡಲ್ಲ. ಇದಕ್ಕೆ ತಳಿಯ ಗುಣ ಒಂದು ಕಾರಣ ಆದ್ರೆ, ಆ ಮಣ್ಣಲ್ಲಿ ಪೊಟ್ಯಾಶಿಯಂ ಕಮ್ಮಿ ಇರೋದು ಇನ್ನೊಂದು, ಯಾಕಂದ್ರೆ ಪೊಟ್ಯಾಶಿಯಂ ಜಾಸ್ತಿ ಆದ್ರೆ ಅದು ಟಾರ್ಟಾರಿಕ್ ಆಸಿಡ್ ಜೊತೆ ಸೇರಿ ಹುಳಿಯ ಬಲ ಕುಗ್ಗಿಸುತ್ತೆ. ಟಾರ್ಟಾರಿಕ್ ಆಸಿಡ್ ಅಂದ್ರೆ ಏನೋ ಹೊಸದು ಅಂದ್ಕೋಬೇಡಿ, ನಮ್ಮ ಹುಣಸೆಹಣ್ಣಿನ ಹುಳಿ ಅದೇ. ಹುಳಿ ಅಳೆಯೋ ಪಿಎಚ್ ಅನ್ನೋ ಅಂಕಿ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ, ಈ ವೈನ್‌ಗಳಲ್ಲಿ ಅದು ಸಾಮಾನ್ಯವಾಗಿ 3ರ ಆಸುಪಾಸಲ್ಲೇ ಇರುತ್ತೆ, ಅಷ್ಟು ಹುಳಿ ಇರೋ ಕಡೆ ಗಾಳಿ ತಗುಲಿ ಕೆಡೋದೂ ನಿಧಾನ, ಬ್ಯಾಕ್ಟೀರಿಯಾ ಕಾಟಾನೂ ಕಮ್ಮಿ. ಹುಣಸೆಹಣ್ಣು ವರ್ಷಗಟ್ಟಲೆ ಡಬ್ಬಿಯಲ್ಲಿ ಇರುತ್ತಲ್ಲ, ಹಂಗೆ.

ಹೆಜ್ಜೆ 1: ಲೇಬಲ್ ಓದಿ ಬಾಟಲಿ ಆರಿಸೋದು

ಲೇಬಲ್ ಮೇಲೆ ಬರೀ ಅಸೀರ್ತಿಕೊ ಅಂತ ಇದ್ರೆ ಸಾಲದು, ಆ ತಳಿ ಈಗ ಗ್ರೀಸ್‌ನ ಬೇರೆ ಭಾಗಗಳಲ್ಲೂ, ಅಷ್ಟೇ ಯಾಕೆ ಆಸ್ಟ್ರೇಲಿಯಾದಲ್ಲೂ ಬೆಳೆಯುತ್ತೆ. ಅವೂ ಚೆನ್ನಾಗಿರ್ತವೆ, ಆದ್ರೆ ನಾನು ಹೇಳ್ತಿರೋದು ಆ ಬೂದಿ ಮಣ್ಣಿನ ವೈನ್ ಬಗ್ಗೆ. ಆದ್ರಿಂದ ಸ್ಯಾಂಟೊರಿನಿ ಅನ್ನೋ ಊರ ಹೆಸರೂ, ಅದರ ಜೊತೆ ಪಿಡಿಒ ಅನ್ನೋ, ಅಂದ್ರೆ ಇದು ಆ ಊರಿನದ್ದೇ ಅಂತ ಹೇಳೋ ಅಧಿಕೃತ ಗುರುತೂ ಇರಬೇಕು, ಈ ಮಾನ್ಯತೆ ಅಲ್ಲಿಗೆ ಸಿಕ್ಕಿದ್ದು 1971ರಲ್ಲಿ. ಆ ಹೆಸರಿನ ವೈನ್ ಬಹುಪಾಲು ಅಸೀರ್ತಿಕೊ, ಕೆಲವರು ಅಥೀರಿ, ಐದಾನಿ ಅನ್ನೋ ಸ್ಥಳೀಯ ತಳಿಗಳನ್ನ ಸ್ವಲ್ಪ ಬೆರೆಸ್ತಾರೆ. ಇಡೋಕೆ ಅಂತ ಕೊಳ್ಳೋದಾದ್ರೆ ಪೂರ್ತಿ ಅಸೀರ್ತಿಕೊ ಇರೋದನ್ನೇ ತಗೊಳಿ.

ನಿಕ್ತೇರಿ ಅಂತ ಇನ್ನೊಂದು ಬಗೆ ಕಾಣುತ್ತೆ, ರಾತ್ರಿ ಅನ್ನೋ ಗ್ರೀಕ್ ಪದದಿಂದ ಬಂದ ಹೆಸರು, ಹಿಂದೆಲ್ಲ ಬಿಸಿಲಿಗೆ ಹಣ್ಣು ಬಾಡಬಾರದು ಅಂತ ರಾತ್ರಿ ಹೊತ್ತು ಕೆಲಸ ಮುಗಿಸ್ತಿದ್ರು. ಇದು ಕಡೇ ಪಕ್ಷ ಮೂರು ತಿಂಗಳು ಓಕ್ ಮರದ ಪೀಪಾಯಿಯಲ್ಲಿ ಇದ್ದು ಬರುತ್ತೆ, ತೂಕದ ವೈನ್. ನನಗೆ ಮಾತ್ರ ಸ್ಟೀಲ್ ಟ್ಯಾಂಕಲ್ಲಿ ಮಾಡಿ, ಕೆಳಗೆ ಕೂತ ಯೀಸ್ಟ್ ಗಸಿಯ ಜೊತೇನೇ ಕೆಲವು ತಿಂಗಳು ಬಿಟ್ಟಿರೋ ಹಳೇ ಬಳ್ಳಿಯ ವೈನೇ ಇಡೋಕೆ ಹೆಚ್ಚು ಇಷ್ಟ, ಓಕ್ ವಾಸನೆ ಅಡ್ಡ ಬರಲ್ಲ, ಕಲ್ಲಿನ ವಾಸನೆ ಮುಂದೆ ಬರುತ್ತೆ. ಅರ್ಗೀರೊಸ್, ಸಿಗಾಲಾಸ್, ಹಾತ್ಜಿದಾಕಿಸ್, ಗೈಯಾದವರ ಥಲಸ್ಸೀತಿಸ್, ಇವು ಕಣ್ಣುಮುಚ್ಚಿ ತಗೋಬಹುದಾದ ಹೆಸರುಗಳು. ಥಲಸ್ಸಾ ಅಂದ್ರೆ ಗ್ರೀಕ್‌ನಲ್ಲಿ ಸಮುದ್ರ. ಅರ್ಗೀರೊಸ್ ಮನೆತನ 1903ರಿಂದ ಈ ಕೆಲಸದಲ್ಲಿದೆ.

ವಿನ್‌ಸಾಂಟೊ ಅಂತ ಇದ್ರೆ ಅದು ಬೇರೆಯೇ, ದ್ರಾಕ್ಷಿಯನ್ನ ಬಿಸಿಲಿಗೆ ಎರಡು ವಾರದಷ್ಟು ಒಣಗಿಸಿ ಮಾಡೋ ಸಿಹಿ ವೈನ್. ಅದರ ಬಗ್ಗೆ ಇನ್ನೊಂದು ಸಲ ಬರೀತೀನಿ.

ಬೆಲೆ ಈಗ ಜಾಸ್ತಿನೇ. ಒಳ್ಳೇ ಬಾಟಲಿಗೆ 30 ಯೂರೋ ಮೇಲೇನೇ ಅಂತ ಲೆಕ್ಕ ಇಟ್ಕೊಳಿ. ದ್ವೀಪದಲ್ಲಿ ಹೋಟೆಲ್ ಕಟ್ಟೋಕೆ ತೋಟದ ಜಾಗ ಹೋಗ್ತಾ ಇದೆ, 2023 ಮತ್ತು 2024ರಲ್ಲಿ ಬರ, ಬಿಸಿಲು ಸೇರಿ ಫಸಲು ತೀರಾ ಬಿದ್ದುಹೋಯ್ತು. ಆ ನೆಲಕ್ಕೆ ಬಾಗಿದ ಬಳ್ಳಿಗಳಲ್ಲಿ ಯಂತ್ರ ಓಡಲ್ಲ, ಬಗ್ಗಿ ಒಂದೊಂದೇ ಗೊಂಚಲು ಕೈಯಲ್ಲೇ ಕೊಯ್ಯಬೇಕು. ಅದನ್ನ ಕಣ್ಣಾರೆ ನೋಡಿದ ಮೇಲೆ ನನಗೆ ಆ ಬೆಲೆ ಅನ್ಯಾಯ ಅನ್ನಿಸಿಲ್ಲ.

ಹೆಜ್ಜೆ 2: ಒಂದಲ್ಲ, ಒಂದೇ ವರ್ಷದ ಮೂರು ಬಾಟಲಿ

ಬೇರೆ ಬೇರೆ ಹೆಸರಿನ ಮೂರು ತಗೊಳೋದಕ್ಕಿಂತ ಒಂದೇ ವೈನ್, ಒಂದೇ ವಿಂಟೇಜ್, ಮೂರು ಬಾಟಲಿ ತಗೊಳಿ. ವಿಂಟೇಜ್ ಅಂದ್ರೆ ದ್ರಾಕ್ಷಿ ಕೊಯ್ದ ವರ್ಷ, ಲೇಬಲ್ ಮೇಲೆ ಇರುತ್ತೆ. ಮಾಗೋದು ಅಂದ್ರೇನು ಅಂತ ಗೊತ್ತಾಗೋದು ಅದೇ ವೈನನ್ನ ವರ್ಷಗಳ ಅಂತರದಲ್ಲಿ ಕುಡಿದಾಗ ಮಾತ್ರ.

ಭಾರತಕ್ಕೆ ತರೋರು ಲೆಕ್ಕ ನೋಡ್ಕೊಳಿ, ಕಸ್ಟಮ್ಸ್ ಡ್ಯೂಟಿ ಇಲ್ಲದೆ ಒಬ್ಬರಿಗೆ ಬಿಡೋದು 2 ಲೀಟರ್, ಅಂದ್ರೆ 750 ಎಂ.ಎಲ್. ಬಾಟಲಿ ಎರಡೇ, ಮೂರನೇದು ತಂದ್ರೆ 2.25 ಲೀಟರ್ ಆಗಿ ಮಿತಿ ದಾಟುತ್ತೆ. ಗಂಡ ಹೆಂಡತಿ ಹೋಗಿದ್ರೆ ತಲಾ ಎರಡರಂತೆ ನಾಲ್ಕು ಬರುತ್ತೆ. ವೈನರಿಯಲ್ಲಿ ಕೊಂಡಿದ್ದನ್ನ ಕೈಚೀಲದಲ್ಲಿ ಒಯ್ಯೋಕೆ ಬಿಡಲ್ಲ, ಚೆಕ್-ಇನ್ ಸೂಟ್‌ಕೇಸ್‌ಗೇ ಹಾಕಬೇಕು. ಪ್ರತಿ ಬಾಟಲಿಗೂ ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ದಪ್ಪ ಟವೆಲ್, ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಟ್ಟು ಸುತ್ತಲೂ ಬಟ್ಟೆ ತುರುಕಿ. ಇನ್ನೊಂದು, ಬೇಸಿಗೆಯಲ್ಲಿ ಹೋದವರು ಪ್ರವಾಸದ ಮೊದಲ ದಿನಾನೇ ಕೊಂಡು ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ತಿರುಗಬೇಡಿ, ಬಿಸಿಲಲ್ಲಿ ನಿಂತ ಕಾರಿನ ಶಾಖ ಒಂದೇ ಮಧ್ಯಾಹ್ನಕ್ಕೆ ವೈನ್ ಹಾಳುಮಾಡುತ್ತೆ. ಹೊರಡೋ ಹಿಂದಿನ ದಿನ ಕೊಳ್ಳಿ.

ಯುರೋಪಲ್ಲೇ ಇರೋ ಕನ್ನಡಿಗರಿಗೆ ಇದೆಲ್ಲ ಸುಲಭ, ಆರು ಬಾಟಲಿ ತಗೊಂಡು ನೆಲಮಾಳಿಗೆಯಲ್ಲಿ ಇಟ್ರೆ ಆಯ್ತು. ನಮ್ಮ ಅಕ್ಕ ಭಾವ ಜರ್ಮನಿಯಲ್ಲಿದ್ದಾರೆ, ಅವರ ಮನೆಯ ಕೆಳಗಿನ ಮಾಳಿಗೆ ವರ್ಷಪೂರ್ತಿ ತಂಪಾಗಿರುತ್ತೆ, ನನಗೆ ಅದರ ಮೇಲೆ ಬಹಳ ಆಸೆ.

ಹೆಜ್ಜೆ 3: ಮೂರು ದಿನದ ಪರೀಕ್ಷೆ

ಇದನ್ನ ಬಿಡಬೇಡಿ. ಮೂರರಲ್ಲಿ ಒಂದನ್ನ ತಂದ ಕೆಲವು ವಾರಕ್ಕೇ ತೆಗೀರಿ. ಒಂದು ಗ್ಲಾಸ್ ಕುಡಿದು, ಏನನ್ನಿಸ್ತು ಅಂತ ನಾಲ್ಕು ಪದ ಬರೆದಿಟ್ಟು, ಬಿರಡೆ ಹಾಕಿ ಫ್ರಿಜ್ಜಲ್ಲಿ ಇಡಿ. ಮಾರನೇ ದಿನ ಇನ್ನೊಂದು ಗ್ಲಾಸ್. ಮೂರನೇ ದಿನ ಇನ್ನೊಂದು. ಬಾಟಲಿ ಒಳಗೆ ಸೇರಿದ ಗಾಳಿ ವೈನ್ ಮೇಲೆ ಕೆಲಸ ಮಾಡ್ತಾ ಇರುತ್ತೆ. ಬಲ ಇಲ್ಲದ ವೈನ್ ಎರಡನೇ ದಿನಕ್ಕೇ ಸೊರಗಿ, ಹೆಚ್ಚಿಟ್ಟ ಸೇಬು ಕಂದು ತಿರುಗಿದಾಗ ಬರೋ ವಾಸನೆ ಬರುತ್ತೆ. ಎರಡನೇ, ಮೂರನೇ ದಿನ ಮೊದಲಿಗಿಂತ ಚೆನ್ನಾಗಿದ್ರೆ, ಮುಚ್ಚಿಕೊಂಡಿದ್ದ ವಾಸನೆ ಬಿಚ್ಚಿಕೊಂಡ್ರೆ, ಉಳಿದ ಎರಡನ್ನ ಧೈರ್ಯವಾಗಿ ಇಡಬಹುದು. ವರ್ಷಗಟ್ಟಲೆ ನಿಧಾನಕ್ಕೆ ಆಗೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಆದ್ರೂ ನನ್ನ ಅನುಭವದಲ್ಲಿ ಈ ಪರೀಕ್ಷೆ ಕೈಕೊಟ್ಟಿಲ್ಲ. ಹೊಸ ಸ್ಯಾಂಟೊರಿನಿ ಮೊದಲ ದಿನ ನಿಂಬೆ ಸಿಪ್ಪೆ, ಉಪ್ಪು ಗಾಳಿ, ಈಗಷ್ಟೇ ಗೀರಿದ ಬೆಂಕಿಕಡ್ಡಿ ತರ ಇರುತ್ತೆ, ಕೊನೆಯಲ್ಲಿ ಒಂದು ಸಣ್ಣ ಒಗರು. ಮೂರನೇ ದಿನಕ್ಕೆ ಆ ಒಗರು ಮೆತ್ತಗಾಗಿ ಹಣ್ಣಿನ ರುಚಿ ಕಾಣೋಕೆ ಶುರು ಆಗುತ್ತೆ.

ಹೆಜ್ಜೆ 4: ಇಡೋ ಜಾಗ

ಎಲ್ಲಾ ಕೆಡೋದು ಇಲ್ಲೇ. ನಾನು ಮೊದಲ ಸಲ ತಂದ ಬಾಟಲಿಯನ್ನ ಅಡುಗೆಮನೆ ಸಜ್ಜದ ಮೇಲೆ, ಕತ್ತಲಿದೆ ಅಲ್ವಾ ಅಂತ ಪೇಪರ್ ಸುತ್ತಿ ಇಟ್ಟಿದ್ದೆ, ಬೆಂಗಳೂರಿನ ಎರಡು ಬೇಸಿಗೆ ಅದು ಅಲ್ಲೇ ಕಳೀತು. ತೆಗೆದಾಗ ಬಿರಡೆ ಬಾಟಲಿ ಬಾಯಿಂದ ಒಂದು ಚೂರು ಮೇಲೆ ಬಂದಿತ್ತು, ಕತ್ತಿನ ಸುತ್ತ ಅಂಟಂಟು, ವೈನ್ ಚಹಾ ಬಣ್ಣಕ್ಕೆ ತಿರುಗಿ ಬೆಂದ ಹಣ್ಣಿನ ವಾಸನೆ. ಎಂಟು ವರ್ಷ ಬಾಳಬೇಕಾದ್ದು ಎರಡು ವರ್ಷಕ್ಕೆ ಮುಗಿದುಹೋಯ್ತು. ಆ ದಿನ ನಿಜವಾಗ್ಲೂ ಬಹಳ ಬೇಜಾರಾಯ್ತು, ನೆಲಕ್ಕೆ ಬಗ್ಗಿ ಆ ಹಣ್ಣು ಕೊಯ್ದವರ ನೆನಪಾಗ್ತಾ ಇತ್ತು.

ಬೇಕಾಗಿರೋದು ಇಷ್ಟು: 12, 13 ಡಿಗ್ರಿ ಆಸುಪಾಸು ತಂಪು, ಅದು ಏರಿಳಿಯದೆ ಇರೋದು, ಕತ್ತಲು, ಅಲುಗಾಟ ಇಲ್ಲದಿರೋದು. ಕಾರ್ಕ್ ಬಿರಡೆ ಆದ್ರೆ ಬಾಟಲಿ ಮಲಗಿಸಿಡಬೇಕು, ವೈನ್ ತಾಗ್ತಾ ಇದ್ರೆ ಕಾರ್ಕ್ ಒಣಗಿ ಕುಗ್ಗಲ್ಲ. ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಆದ್ರೆ ತೊಂದರೆ ಇಲ್ಲ, ಹಗಲು 32 ರಾತ್ರಿ 20 ಅಂತ ದಿನಾ ಏರಿಳಿಯೋದು ಮಾತ್ರ ಕೊಲ್ಲುತ್ತೆ, ವೈನ್ ಹಿಗ್ಗಿ ಕುಗ್ಗಿ ಬಿರಡೆಯನ್ನ ಸಡಿಲ ಮಾಡಿ ಗಾಳಿ ಒಳಗೆ ಬಿಡುತ್ತೆ.

ನಮ್ಮ ಊರುಗಳಲ್ಲಿ ನೆಲಮಾಳಿಗೆ ಇಲ್ಲ, ಹಾಗಾಗಿ ನಿಜವಾದ ದಾರಿ ಎರಡೇ. ಒಂದು, ಸಣ್ಣ ವೈನ್ ಫ್ರಿಜ್. ಕೊಳ್ಳುವಾಗ ಕಂಪ್ರೆಸರ್ ಇರೋದನ್ನೇ ಕೇಳಿ ತಗೊಳಿ, ಥರ್ಮೋಎಲೆಕ್ಟ್ರಿಕ್ ಬೇಡ, ಅದು ರೂಮಿನ ಶಾಖಕ್ಕಿಂತ ಇಷ್ಟು ಡಿಗ್ರಿ ಕಮ್ಮಿ ಅಂತ ಮಾತ್ರ ತಣ್ಣಗೆ ಮಾಡೋದು, ಕಲಬುರಗಿ ರಾಯಚೂರಿನ ಮೇ ತಿಂಗಳಲ್ಲಿ ಅದು ಕೈಚೆಲ್ಲುತ್ತೆ. ಕರೆಂಟ್ ಹೋದಾಗ ಬಾಗಿಲು ತೆಗೀದೆ ಇದ್ರೆ ಕೆಲವು ಗಂಟೆ ಏನೂ ಆಗಲ್ಲ. ಎರಡನೇದು, ಮನೆಯ ಮಾಮೂಲಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬ. ಅಲ್ಲಿ ಚಳಿ ಜಾಸ್ತಿ, ವೈನ್ ಮಾಗೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ, ಗಾಳಿ ಒಣ ಇರೋದ್ರಿಂದ ಕಾರ್ಕ್‌ಗೂ ವರ್ಷಗಟ್ಟಲೆ ಒಳ್ಳೇದಲ್ಲ, ಆದ್ರೂ ಸಜ್ಜಕ್ಕಿಂತ ಸಾವಿರ ಪಾಲು ವಾಸಿ. ಕೆಲವು ತಿಂಗಳಿಗೆ ಅಡ್ಡಿಯಿಲ್ಲ. ಈ ಎರಡೂ ಆಗಲ್ಲ ಅನ್ನೋರು ಇಡೋ ಯೋಚನೆ ಬಿಟ್ಟು ತಂದ ವರ್ಷಾನೇ ಕುಡಿದುಬಿಡಿ, ಅಥವಾ ತಂಪು ಜಾಗ ಇರೋ ನೆಂಟರ ಹತ್ರ ಬಿಡಿ.

ಹೆಜ್ಜೆ 5: ಯಾವಾಗ ತೆಗೀಬೇಕು

ಬಾಟಲಿ ಕತ್ತಿಗೆ ಚೀಟಿ ಕಟ್ಟಿ, ತಂದ ತಿಂಗಳು, ತೆಗೀಬೇಕಾದ ವರ್ಷ ಬರೀರಿ, ಇಲ್ಲಾಂದ್ರೆ ಯಾವ್ದೋ ಹಬ್ಬದ ದಿನ ಯಾರೋ ತೆಗೆದುಬಿಡ್ತಾರೆ. ನಾನು ಇಟ್ಕೊಂಡಿರೋ ಲೆಕ್ಕ ಹೀಗಿದೆ, ಮೊದಲನೇದು ತಕ್ಷಣ, ಎರಡನೇದು ಕೊಯ್ಲಿನ ವರ್ಷದಿಂದ ಐದನೇ ವರ್ಷಕ್ಕೆ, ಮೂರನೇದು ಎಂಟರಿಂದ ಹತ್ತರೊಳಗೆ. ಮಾಮೂಲಿ ಬಾಟಲಿ ಐದಾರು ವರ್ಷಕ್ಕೆ ಚೆನ್ನಾಗಿರುತ್ತೆ, ಹಳೇ ಬಳ್ಳಿಯ ದೊಡ್ಡ ವೈನ್‌ಗಳು ಹತ್ತು ದಾಟಿದ್ರೂ ನಿಲ್ತವೆ. ಮಧ್ಯೆ ಮೂರು ನಾಲ್ಕನೇ ವರ್ಷದಲ್ಲಿ ಕೆಲವು ಬಾಟಲಿ ಮಾತೇ ಆಡಲ್ಲ, ಹೊಸದರ ಚುರುಕೂ ಇಲ್ಲ ಹಳೇದರ ಆಳಾನೂ ಇಲ್ಲ, ಆಗ ತೆಗೆದು ನಿರಾಸೆ ಆದ್ರೆ ಉಳಿದಿದ್ದನ್ನ ಅವಸರದಲ್ಲಿ ಖಾಲಿ ಮಾಡಬೇಡಿ.

ಹೆಜ್ಜೆ 6: ತೆಗೆಯೋ ದಿನ

ಹಿಂದಿನ ದಿನಾನೇ ಬಾಟಲಿ ನಿಲ್ಲಿಸಿಡಿ. ತಳದಲ್ಲೋ ಬಿರಡೆಯ ಕೆಳಗೋ ಕಲ್ಲುಸಕ್ಕರೆ ಪುಡಿಯಂಥ ಹರಳು ಕಂಡ್ರೆ ಗಾಜಿನ ಚೂರು ಅಂತ ಹೆದರಬೇಡಿ, ಅದು ಟಾರ್ಟಾರಿಕ್ ಆಸಿಡ್ಡಿನ ಉಪ್ಪು, ತಣ್ಣಗಿದ್ದಾಗ ಹರಳುಗಟ್ಟುತ್ತೆ, ತಿಂದ್ರೂ ಏನೂ ಆಗಲ್ಲ. ಫ್ರಿಜ್ಜಲ್ಲಿ ಇದ್ದಿದ್ರೆ ಕುಡಿಯೋಕೆ ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೀರಿ. 10ರಿಂದ 12 ಡಿಗ್ರಿ ಸರಿ. ಜಾಸ್ತಿ ತಣ್ಣಗಿದ್ರೆ ಹುಳಿ ಒಂದೇ ಕಾಣುತ್ತೆ, ಇಷ್ಟು ವರ್ಷ ಕಾದಿದ್ದೆಲ್ಲ ಚಳಿಯಲ್ಲಿ ಮುಚ್ಚಿಹೋಗುತ್ತೆ. ಸಣ್ಣ ಗ್ಲಾಸ್ ಬೇಡ, ಕೆಂಪು ವೈನ್‌ಗೆ ಬಳಸೋ ಹೊಟ್ಟೆ ಅಗಲದ ಗ್ಲಾಸಲ್ಲಿ ಮೂರನೇ ಒಂದು ಭಾಗ ಮಾತ್ರ ಹಾಕಿ.

ಹೋದ ಸಲ ಜರ್ಮನಿಗೆ ಹೋಗಿದ್ದಾಗ ಭಾವ ಎಂಟು ವರ್ಷದ್ದೊಂದನ್ನ ಮಾಳಿಗೆಯಿಂದ ತಂದ್ರು. ಗ್ಲಾಸಿಗೆ ಬಗ್ಗಿಸ್ತಿದ್ದ ಹಾಗೇ ಬಣ್ಣ ನೋಡಿ ಅಕ್ಕ, "ಇದೇನ್ರೀ ಇಷ್ಟು ಹಳದಿ, ಕೆಟ್ಟೋಗಿದೆ ಅನ್ಸುತ್ತೆ, ಚೆಲ್ಲಿಬಿಡಿ" ಅಂದ್ಳು. ಭಾವ, "ಐದು ನಿಮಿಷ ತಡಿಯೇ, ಮೂಸಿ ನೋಡಿ ಆಮೇಲೆ ಹೇಳು" ಅಂದ್ರು. ಹೊಸ ಹುಣಸೆಹಣ್ಣು ಕೆಂಪಗಿದ್ದು ಹಳೇದಾದಂಗೆ ಕಪ್ಪಾಗುತ್ತಲ್ಲ, ಅಷ್ಟು ಮಾತ್ರಕ್ಕೆ ಅದು ಕೆಟ್ಟಿದೆ ಅಂತ ಯಾರೂ ಅನ್ನಲ್ಲ, ಬಿಳಿ ವೈನ್ ಕೂಡ ವಯಸ್ಸಾದಂಗೆ ಚಿನ್ನದ ಬಣ್ಣಕ್ಕೆ ಬರುತ್ತೆ. ಆತಂಕ ಪಡಬೇಕಾದ್ದು ಕಂದು ಬಣ್ಣ ಬಂದು ಮಂಕಾಗಿದ್ರೆ, ಅಥವಾ ಒದ್ದೆ ರಟ್ಟಿನ ವಾಸನೆ ಹೊಡೆದ್ರೆ. ಒದ್ದೆ ರಟ್ಟು ಕಾರ್ಕಿನ ದೋಷ, ಅದಕ್ಕೆ ಮದ್ದಿಲ್ಲ.

ಆ ಬಾಟಲಿ ಮೊದಲಿಗೆ ಬಿಗಿಯಾಗಿತ್ತು, ಬರೀ ಹೊಗೆ, ಒದ್ದೆ ಕಲ್ಲು. ಹತ್ತು ನಿಮಿಷಕ್ಕೆ ಜೇನುಮೇಣ ಬಂತು, ಆಮೇಲೆ ಹುರಿದ ಬಾದಾಮಿ, ಒಣಗಿದ ಹೆರಳೆ ಸಿಪ್ಪೆ. ಬಾಯಲ್ಲಿ ಮಾತ್ರ ಹುಳಿ ಹಾಗೇ ನೆಟ್ಟಗೆ ನಿಂತಿತ್ತು, ಆದ್ರೆ ಚುಚ್ತಾ ಇರಲಿಲ್ಲ, ನುಂಗಿದ ಮೇಲೆ ತುಟಿ ಮೇಲೆ ಉಪ್ಪಿನ ಎಳೆ ಉಳೀತು. ಅಕ್ಕ ಮಾತಾಡದೆ ಇನ್ನೊಂಚೂರು ಅಂತ ಗ್ಲಾಸ್ ಮುಂದಕ್ಕೆ ತಳ್ಳಿದ್ಳು. ಇಷ್ಟು ಹಳೇದನ್ನ ಬೇರೆ ಪಾತ್ರೆಗೆ ಸುರಿದು ಗಾಳಿಯಾಡಿಸೋ ಅಗತ್ಯ ಇಲ್ಲ, ಗ್ಲಾಸಲ್ಲೇ ತಿರುಗಿಸ್ತಾ ಒಂದು ಗಂಟೆ ಎಳೆದು ಕುಡಿಯಿರಿ ಸಾಕು. ಹೊಸದಾದ್ರೆ ಮಾತ್ರ ಜಗ್‌ಗೆ ಸುರಿದು ಅರ್ಧ ಗಂಟೆ ಬಿಟ್ರೆ ಒಳ್ಳೇದು.

ಜೊತೆಗೆ ಏನು ತಿನ್ನೋದು

ದ್ವೀಪದವರು ಕೆಂಡದಲ್ಲಿ ಸುಟ್ಟ ಆಕ್ಟೋಪಸ್, ಟೊಮೇಟೊ ಹಾಕಿ ಕರಿದ ವಡೆಯಂಥ ತೊಮಾತೊಕೆಫ್ತೆದೆಸ್, ಆಮೇಲೆ ಫಾವಾ ಅಂತ ಹಳದಿ ಬೇಳೆ ಬೇಯಿಸಿ ನುಣ್ಣಗೆ ಅರೆದು ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ್ದು ತಿಂತಾರೆ. ಆ ಫಾವಾ ಬಾಯಿಗಿಟ್ಟಾಗ ನನಗೆ ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ನೆನಪಾಯ್ತು. ನಮ್ಮ ಕಡೆ ಹೊಂದೋದು ಅಂದ್ರೆ ಅಂಜಲ್ ಮೀನು, ಉಪ್ಪು ಅರಿಶಿನ ನಿಂಬೆರಸ ಹಚ್ಚಿ ಕಾವಲಿ ಮೇಲೆ ಹುರಿದಿದ್ದು, ಖಾರದ ಪುಡಿ ಒಂದು ಚಿಟಿಕೆಗಿಂತ ಜಾಸ್ತಿ ಬೇಡ. ಕಾಯಿ ಹಾಲು ಹಾಕಿದ ಸಿಗಡಿ ಕೂಡ ಚೆನ್ನಾಗಿ ಹೋಗುತ್ತೆ. ಸಸ್ಯಾಹಾರಿಗಳಿಗೆ ಸುಟ್ಟ ಬದನೆಕಾಯಿ ಗೊಜ್ಜು, ಅದರ ಹೊಗೆ ವಾಸನೆ ಈ ವೈನಿನ ಹೊಗೆಗೆ ಸರಿಯಾಗಿ ಕೂಡುತ್ತೆ, ಹುಣಸೆ ಮಾತ್ರ ಕಮ್ಮಿ ಹಾಕಿ, ಹುಳಿ ವೈನಲ್ಲೇ ಇದೆ. ಬ್ಯಾಡಗಿ ಗುಂಟೂರು ಎರಡೂ ಸೇರಿಸಿ ಮಾಡಿದ ಖಾರದ ಸಾರಿನ ಜೊತೆ ಹಳೇ ಬಾಟಲಿ ತೆಗೀಬೇಡಿ, 14 ಪರ್ಸೆಂಟ್ ಆಲ್ಕೋಹಾಲ್ ಖಾರಾನ ಇನ್ನೂ ಉರಿಸುತ್ತೆ, ವೈನಿನ ವಾಸನೆ ಒಂದೂ ಸಿಗಲ್ಲ.

ಕುಡಿದು ಉಳಿದಿದ್ರೆ ಬಿರಡೆ ಒತ್ತಿ ಫ್ರಿಜ್ಜಲ್ಲಿ ಇಡಿ. ಹೊಸದು ಮೂರು ನಾಲ್ಕು ದಿನ ಬರುತ್ತೆ, ಎಂಟು ಹತ್ತು ವರ್ಷದ್ದು ಮಾರನೇ ದಿನದ ಊಟದ ಹೊತ್ತಿಗೆ ಮುಗಿಸಿ.